ಮಾಲೀಕರ ಮಾತೇ ಬಂಡವಾಳ: ಪ್ಯಾಕಾರ್ಡ್ ಕಾರಿನ ಚರಿತ್ರೆ

ಪ್ಯಾಕಾರ್ಡ್ ಕಾರು ಹುಟ್ಟಿದ್ದು ಒಬ್ಬ ಅತೃಪ್ತ ಗಿರಾಕಿಯ ಹಟದಿಂದ. ಅಮೆರಿಕದ ಒಹಾಯೋ ರಾಜ್ಯದ ವಾರೆನ್ ಎಂಬ ಊರಿನಲ್ಲಿ ಜೇಮ್ಸ್ ವಾರ್ಡ್ ಪ್ಯಾಕಾರ್ಡ್ ಮತ್ತು ಅವರ ಅಣ್ಣ ವಿಲಿಯಂ ಡೌಡ್ ಪ್ಯಾಕಾರ್ಡ್ 1890ರಿಂದ ವಿದ್ಯುತ್ ಸಾಮಗ್ರಿಯ ಕಾರ್ಖಾನೆ ನಡೆಸುತ್ತಿದ್ದರು. ಜೇಮ್ಸ್ ಲೀಹೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ಯಂತ್ರದ ವಿಷಯದಲ್ಲಿ ಅರೆಬರೆ ಕೆಲಸವನ್ನು ಸಹಿಸದವರು. 1898ರ ಆಗಸ್ಟ್‌ನಲ್ಲಿ ಅವರು ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್ ಅವರಿಂದ ಒಂದು ಕಾರು ಕೊಂಡರು. ಊರಿಗೆ ತರುವ ದಾರಿಯಲ್ಲೇ ಅದು ಕೆಟ್ಟು ನಿಂತು, ಕೊನೆಗೆ ಕುದುರೆ ಕಟ್ಟಿ ಎಳೆಸಬೇಕಾಯಿತು. ಮತ್ತೆ ಮತ್ತೆ ರಿಪೇರಿ ಮಾಡಿಸಿ ಬೇಸತ್ತ ಪ್ಯಾಕಾರ್ಡ್, ಏನೇನು ತಿದ್ದಬೇಕೆಂದು ವಿಂಟನ್‌ಗೆ ಹೇಳಲು ಹೋದಾಗ, ಅಷ್ಟೆಲ್ಲ ತಿಳಿದಿದ್ದರೆ ನೀವೇ ಒಂದು ಕಾರು ಮಾಡಿಕೊಳ್ಳಿ ಎಂಬಂಥ ಉತ್ತರ ಬಂತೆಂದು ಅಮೆರಿಕದ ಮೋಟಾರು ಚರಿತ್ರೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಮಾತು ಅದೇ ಆಗಿತ್ತೋ ಇಲ್ಲವೋ, ಪ್ಯಾಕಾರ್ಡ್ ಮಾಡಿದ್ದಂತೂ ಅದನ್ನೇ. ವಿಂಟನ್ ಬಳಗದ ಜಾರ್ಜ್ ವೈಸ್ ಮತ್ತು ವಿಲಿಯಂ ಹ್ಯಾಚರ್ ಇಬ್ಬರನ್ನೂ ತಮ್ಮ ಕಡೆ ಸೇರಿಸಿಕೊಂಡು, 1899ರ ನವೆಂಬರ್ 6ರಂದು ತಮ್ಮ ಮೊದಲ ಕಾರನ್ನು ವಾರೆನ್‌ನ ಬೀದಿಗಿಳಿಸಿದರು. ಒಂದೇ ಸಿಲಿಂಡರಿನ ಎಂಜಿನ್, ಚಕ್ರದ ಬದಲು ಹಿಡಿಕೋಲಿನಿಂದ ತಿರುಗಿಸುವ ಸ್ಟಿಯರಿಂಗ್ ಇದ್ದ ಆ ಕಾರು ಲೀಹೈ ವಿಶ್ವವಿದ್ಯಾಲಯದಲ್ಲಿ ಉಳಿದುಬಂದಿದೆ.

ಕಂಪನಿಯ ಮುಂದಿನ ಆರು ದಶಕಗಳನ್ನು ಅರ್ಥಮಾಡಿಕೊಳ್ಳಲು ಈ ಆರಂಭ ಮುಖ್ಯ. ಕಾರು ಕೊಂಡವನ ಸಂಕಟ ಏನೆಂದು ಸ್ವತಃ ಉಂಡಿದ್ದ ಮನುಷ್ಯ ಕಟ್ಟಿದ ಸಂಸ್ಥೆ ಇದು. ಕಾರು ಹೇಗಿದೆ, ನಂಬಬಹುದೇ ಎಂದು ಒಬ್ಬರು ಕಾಗದ ಬರೆದು ಕೇಳಿದಾಗ, ಈಗಾಗಲೇ ಕೊಂಡಿರುವವರನ್ನೇ ಕೇಳಿ ನೋಡಲು ಹೇಳಿ ಎಂದು ಪ್ಯಾಕಾರ್ಡ್ ಉತ್ತರ ಬರೆಸಿದರಂತೆ. 1901ರಲ್ಲಿ ಆ ಮಾತು ಜಾಹೀರಾತಿಗೆ ಹೋಯಿತು. ಕಂಪನಿ ಇದ್ದಷ್ಟು ಕಾಲ ಅದರ ಗುರುತಾಗಿ ಉಳಿಯಿತು. ಇಂಥ ಘೋಷಣೆ ಕೊಡುವುದು ಸುಲಭ, ಅದಕ್ಕೆ ತಕ್ಕಂತೆ ಬಾಳುವುದು ಕಷ್ಟ. ಮಾರಿದ ಪ್ರತಿಯೊಂದು ಕಾರೂ ಕಂಪನಿಯ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳುತ್ತದೆ ಎಂದು ಒಪ್ಪಿಕೊಂಡ ಮೇಲೆ, ಕಾರ್ಖಾನೆಯೊಳಗೆ ಕಣ್ಣುಮುಚ್ಚಿ ಸಾಗಹಾಕುವ ಕೆಲಸಕ್ಕೆ ಜಾಗವಿರುವುದಿಲ್ಲ.

ವಾರೆನ್‌ನ ಕಂಪನಿ ಡೆಟ್ರಾಯಿಟ್‌ಗೆ ಹೋದದ್ದೂ ಒಬ್ಬ ಮಾಲೀಕನಿಂದಲೇ. ಡೆಟ್ರಾಯಿಟ್‌ನ ಸಿರಿವಂತ ಹೆನ್ರಿ ಬೌರ್ನ್ ಜಾಯ್ ನ್ಯೂಯಾರ್ಕಿನ ಬೀದಿಯಲ್ಲಿ ಬೆಂಕಿ ಆರಿಸುವ ಗಾಡಿಯ ಹಿಂದೆ ಹೊರಟ ಎರಡು ಪ್ಯಾಕಾರ್ಡ್‌ಗಳು ಹ್ಯಾಂಡಲ್ ತಿರುಗಿಸಿದ ತಕ್ಷಣ ಸ್ಟಾರ್ಟ್ ಆದದ್ದನ್ನು ಕಂಡು ಬೆರಗಾಗಿ ಒಂದನ್ನು ಕೊಂಡರೆಂದು ಪ್ರತೀತಿ. ಕೊಂಡ ಕಾರು ಮನಸ್ಸಿಗೆ ಹಿಡಿಸಿ, ಗೆಳೆಯರ ಹಣ ಕೂಡಿಸಿ ಕಂಪನಿಗೇ ಬಂಡವಾಳ ಹಾಕಿದರು. 1902ರಲ್ಲಿ ಅದರ ಹೆಸರು ಪ್ಯಾಕಾರ್ಡ್ ಮೋಟಾರ್ ಕಾರ್ ಕಂಪನಿ ಎಂದಾಯಿತು. 1903ರಲ್ಲಿ ಡೆಟ್ರಾಯಿಟ್‌ನ ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ ಹೊಸ ಕಾರ್ಖಾನೆ ಎದ್ದಿತು. ಅದನ್ನು ರೂಪಿಸಿದವರು ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್. 1905ರಲ್ಲಿ ಅಲ್ಲಿ ಕಟ್ಟಿದ ಹತ್ತನೇ ಸಂಖ್ಯೆಯ ಕಟ್ಟಡದಲ್ಲಿ ಅವರು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಬಳಸಿದರು. ಕಂಬಗಳ ನಡುವೆ ವಿಶಾಲ ಜಾಗ, ದೊಡ್ಡ ಕಿಟಕಿಗಳಿಂದ ಧಾರಾಳ ಬೆಳಕು ದೊರೆತು, ಡೆಟ್ರಾಯಿಟ್‌ನ ಮುಂದಿನ ಕಾರ್ಖಾನೆಗಳಿಗೆ ಅದು ಮಾದರಿಯಾಯಿತು. ಅದೇ 1903ರಲ್ಲಿ ಟಾಮ್ ಫೆಚ್ ಎಂಬ ಚಾಲಕ ಒಂದು ಸಿಲಿಂಡರಿನ ಪ್ಯಾಕಾರ್ಡನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ 61 ದಿನಗಳಲ್ಲಿ ಓಡಿಸಿಕೊಂಡು ಬಂದರು. ರಸ್ತೆಯೇ ಇಲ್ಲದ ಮರುಭೂಮಿ, ಬೆಟ್ಟಗಳನ್ನು ದಾಟಿದ ಆ ಪಯಣ ಹೊಸ ಹೆಸರಿಗೆ ತೂಕ ತಂದಿತು.

1910ರಲ್ಲಿ ಆಲ್ವನ್ ಮಕಾಲೆ ಆಡಳಿತಕ್ಕೆ ಬಂದರು; ಎರಡು ವರ್ಷದ ನಂತರ ಜೆಸ್ಸಿ ವಿನ್ಸೆಂಟ್ ಮುಖ್ಯ ಎಂಜಿನಿಯರಾದರು. ಈ ಜೋಡಿಯ ಮೊದಲ ದೊಡ್ಡ ಸಾಧನೆ 1915ರಲ್ಲಿ ಬಂದ ‘ಟ್ವಿನ್ ಸಿಕ್ಸ್’. ಆರಾರು ಸಿಲಿಂಡರಿನ ಎರಡು ಸಾಲನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಜೋಡಿಸಿದ ಎಂಜಿನ್ ಅದು. ಒಂದು ಸಿಲಿಂಡರಿನ ತಳ್ಳು ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತಿದ್ದುದರಿಂದ ಕಾರಿನಲ್ಲಿ ಕೂತವರಿಗೆ ಅದುರಿದ್ದು ಗೊತ್ತಾಗುತ್ತಿರಲಿಲ್ಲ. ಗೇರ್ ಬದಲಿಸುವುದು ತೋಳಿಗೂ ಕಿವಿಗೂ ಶಿಕ್ಷೆಯಾಗಿದ್ದ ಕಾಲ ಅದು. ಹಲ್ಲುಚಕ್ರಗಳು ಕರಕರ ಎನ್ನದಂತೆ ಗೇರ್ ಹಾಕುವುದಕ್ಕೆ ಪಳಗಿದ ಕೈ ಬೇಕಿತ್ತು. ಟ್ವಿನ್ ಸಿಕ್ಸ್ ಕೊಂಡವರು ಟಾಪ್ ಗೇರಿಗೆ ಹಾಕಿ ಬಿಟ್ಟರೆ, ನಡಿಗೆಯ ವೇಗದಿಂದ ಹಿಡಿದು ಪೂರ್ತಿ ವೇಗದವರೆಗೆ ಮತ್ತೆ ಗೇರ್ ಮುಟ್ಟಬೇಕಾಗಿರಲಿಲ್ಲ. ಮಾಲೀಕರು ಹೊಗಳಿದ್ದು ಈ ಸುಖವನ್ನು. ಎಂಟು ವರ್ಷಗಳಲ್ಲಿ ಇಂಥ 35,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ರಷ್ಯಾದ ಝಾರ್ ನಿಕೋಲಸ್ ಹಿಮದಲ್ಲಿ ಓಡಾಡಲು ಪಟ್ಟಿಚಕ್ರ ಹಾಕಿಸಿದ ಪ್ಯಾಕಾರ್ಡ್ ಇಟ್ಟುಕೊಂಡಿದ್ದರು. 1921ರಲ್ಲಿ ವಾರನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣವಚನಕ್ಕೆ ಕುದುರೆ ಸಾರೋಟು ಬಿಟ್ಟು ಮೊಟ್ಟಮೊದಲ ಬಾರಿಗೆ ಕಾರಿನಲ್ಲಿ ಹೋದದ್ದೂ ಟ್ವಿನ್ ಸಿಕ್ಸ್‌ನಲ್ಲೇ. ಇಟಲಿಯ ಎಂಜೊ ಫೆರಾರಿ ಮುಂದೆ ಹನ್ನೆರಡು ಸಿಲಿಂಡರಿಗೆ ಮನಸೋಲಲು ಮೊದಲ ಮಹಾಯುದ್ಧದ ವೇಳೆಗೆ ತಾವು ಕಂಡ ಪ್ಯಾಕಾರ್ಡ್‌ಗಳೂ ಕಾರಣವೆಂದು ಹೇಳಿಕೊಂಡಿದ್ದಾರೆ.

1920ರ ದಶಕ ಪ್ಯಾಕಾರ್ಡ್‌ನ ಉಚ್ಛ್ರಾಯ ಕಾಲ. ಅಮೆರಿಕದ ದುಬಾರಿ ಕಾರುಗಳಲ್ಲಿ ಅದರದೇ ಮೇಲುಗೈ. ಕ್ಯಾಡಿಲ್ಯಾಕ್ ಹಿಂದೆ ಬಿದ್ದಿತ್ತು. ಭಾರತದ ಸಂಸ್ಥಾನಗಳ ಅರಮನೆಗಳಲ್ಲೂ ಪ್ಯಾಕಾರ್ಡ್‌ಗಳಿದ್ದವು. ಈ ಯಶಸ್ಸಿಗೆ ಎಂಜಿನ್ ಎಷ್ಟು ಕಾರಣವೋ ಒಂದು ವ್ಯಾಪಾರ ನೀತಿಯೂ ಅಷ್ಟೇ ಕಾರಣ. ಜನರಲ್ ಮೋಟಾರ್ಸ್ ವರ್ಷಕ್ಕೊಂದು ಹೊಸ ರೂಪ ತಂದು ಹಳೆಯದನ್ನು ಹಳೆಯದೆನಿಸುವ ದಾರಿ ಹಿಡಿದಾಗ, ಪ್ಯಾಕಾರ್ಡ್ ತನ್ನ ಕಾರುಗಳನ್ನು ಇಸವಿಯಿಂದ ಕರೆಯದೆ ‘ಸರಣಿ’ಗಳ ಲೆಕ್ಕದಲ್ಲಿ ಕರೆಯಿತು. ನೊಗದಂತೆ ಭುಜ ಬಾಗಿದ ರೇಡಿಯೇಟರ್, ಚಕ್ರದ ನಡುವಿನ ಕೆಂಪು ಷಟ್ಕೋನ, ಇವು ವರ್ಷದಿಂದ ವರ್ಷಕ್ಕೆ ಹಾಗೆಯೇ ಉಳಿದವು. ಐದು ವರ್ಷ ಹಿಂದೆ ಕೊಂಡವನ ಕಾರು ಬೀದಿಯಲ್ಲಿ ಹೋದರೆ ಅದು ಹಳೆಯದೆಂದು ಯಾರಿಗೂ ಥಟ್ಟನೆ ಹೊಳೆಯುತ್ತಿರಲಿಲ್ಲ. ಮಾಲೀಕನ ಹಣಕ್ಕೂ ಮಾನಕ್ಕೂ ಇಷ್ಟು ಬೆಲೆ ಕೊಟ್ಟ ಕಾರು ಕಂಪನಿಗಳು ಕಡಿಮೆ. ಜೇಮ್ಸ್ ಪ್ಯಾಕಾರ್ಡ್ ಆ ವೇಳೆಗಾಗಲೇ ಕಂಪನಿಯ ವ್ಯವಹಾರದಿಂದ ದೂರವಾಗಿದ್ದರು. ಅತಿ ಸಂಕೀರ್ಣ ಜೇಬುಗಡಿಯಾರಗಳನ್ನು ಹೇಳಿ ಮಾಡಿಸಿಕೊಳ್ಳುವ ಹವ್ಯಾಸವಿದ್ದ ಅವರು 1928ರಲ್ಲಿ ತೀರಿಕೊಂಡರು.

ಮರುವರ್ಷ ಆರ್ಥಿಕ ಕುಸಿತ ಬಂತು. ದುಬಾರಿ ಕಾರು ಕೊಳ್ಳುವವರೇ ಇಲ್ಲವಾದರು. ಪಿಯರ್ಸ್ ಆರೋ, ಮಾರ್ಮನ್, ಪಿಯರ್‌ಲೆಸ್‌ನಂಥ ಹೆಸರುವಾಸಿ ಕಂಪನಿಗಳು ಆ ದಶಕದಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಪ್ಯಾಕಾರ್ಡ್ ಉಳಿದದ್ದು 1935ರಲ್ಲಿ ತಂದ ‘ಒನ್ ಟ್ವೆಂಟಿ’ಯಿಂದ. ಮುಂದಿನ, ಹಿಂದಿನ ಚಕ್ರಗಳ ನಡುವೆ 120 ಅಂಗುಲವಿದ್ದುದರಿಂದ ಆ ಹೆಸರು. ಬೆಲೆ ಸಾವಿರ ಡಾಲರಿನ ಆಸುಪಾಸು. ಅದೇ ಕಾಲದ ಹನ್ನೆರಡು ಸಿಲಿಂಡರಿನ ಪ್ಯಾಕಾರ್ಡ್‌ಗೆ ಅದರ ಮೂರು ಪಟ್ಟಿಗೂ ಮಿಕ್ಕಿ ಕೊಡಬೇಕಿತ್ತು. 1934ರಲ್ಲಿ ಹತ್ತು ಸಾವಿರ ಕಾರನ್ನೂ ಮಾರಲಾಗದಿದ್ದ ಕಂಪನಿ ಒನ್ ಟ್ವೆಂಟಿಯನ್ನೇ ಮೊದಲ ವರ್ಷ 25,000 ತಯಾರಿಸಿತು. 1937ರಲ್ಲಿ ಇನ್ನೂ ಅಗ್ಗದ ಆರು ಸಿಲಿಂಡರಿನ ಕಾರೂ ಸೇರಿ ಒಟ್ಟು ಉತ್ಪಾದನೆ ಒಂದು ಲಕ್ಷ ದಾಟಿತು.

ಒನ್ ಟ್ವೆಂಟಿಯ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ಬ್ಯಾಂಕ್ ಅಧ್ಯಕ್ಷನ ಕಾರಿನ ಹೆಸರು ಗುಮಾಸ್ತನ ಕಾರಿನ ಮೇಲೂ ಬಂದು, ದೊಡ್ಡ ಪ್ಯಾಕಾರ್ಡ್‌ನ ಪ್ರತಿಷ್ಠೆ ಕುಗ್ಗಿತು, ಸಿರಿವಂತರು ಕ್ಯಾಡಿಲ್ಯಾಕ್ ಕಡೆ ಹೊರಳಿದರು ಎಂಬುದು ಒಂದು ವಾದ. ಅದರಲ್ಲಿ ಹುರುಳಿದೆ. ಆದರೆ ಆ ಕಾರು ಇಲ್ಲದಿದ್ದರೆ ಪ್ರತಿಷ್ಠೆಯ ಜೊತೆಗೆ ಕಂಪನಿಯೂ ಹೋಗುತ್ತಿತ್ತು. ಅಗ್ಗದ್ದಾದರೂ ಅದು ಕಳಪೆಯಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮುಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್, ಹೈಡ್ರಾಲಿಕ್ ಬ್ರೇಕು ಅದರಲ್ಲಿದ್ದವು. ದಿನವೂ ಓಡಿಸುವುದಕ್ಕೆ ದೊಡ್ಡ ಪ್ಯಾಕಾರ್ಡ್‌ಗಿಂತ ಇದೇ ಹಗುರ, ಇದೇ ವಾಸಿ ಎನ್ನುವ ಮಾಲೀಕರು ಹಲವರು. ನಿಜವಾದ ತಪ್ಪು ನಡೆದದ್ದು ಆಮೇಲೆ, ಎರಡನೇ ಮಹಾಯುದ್ಧ ಮುಗಿದು ಜನರ ಕೈಯಲ್ಲಿ ಹಣ ಓಡಾಡುತ್ತಿದ್ದಾಗಲೂ ಕಂಪನಿ ಮಧ್ಯಮ ದರ್ಜೆಯ ಕಾರುಗಳಿಗೇ ಅಂಟಿಕೊಂಡು ಮೇಲಿನ ಸ್ಥಾನವನ್ನು ಕ್ಯಾಡಿಲ್ಯಾಕ್‌ಗೆ ಬಿಟ್ಟುಕೊಟ್ಟದ್ದರಲ್ಲಿ.

1940ರ ಪ್ಯಾಕಾರ್ಡ್‌ಗೆ ಇನ್ನೊಂದು ಮೊದಲಿನ ಕೀರ್ತಿಯಿದೆ. ಕಾರ್ಖಾನೆಯಲ್ಲೇ ಏರ್ ಕಂಡೀಷನರ್ ಅಳವಡಿಸಿಕೊಡುವ ಸೌಲಭ್ಯ ಮೊದಲು ಬಂದದ್ದು ಈ ಕಾರಿನಲ್ಲಿ. ಅದಕ್ಕೆ 274 ಡಾಲರ್ ಹೆಚ್ಚಿಗೆ. ಯಂತ್ರದ ಒಂದು ಭಾಗ ಎಂಜಿನ್ ಪಕ್ಕದಲ್ಲಿ, ತಣ್ಣಗೆ ಮಾಡುವ ಭಾಗ ಡಿಕ್ಕಿಯಲ್ಲಿ. ತಂಪು ಗಾಳಿ ಹಿಂದಿನ ಸೀಟಿನ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಕಂಪ್ರೆಸರನ್ನು ಎಂಜಿನ್‌ನಿಂದ ಬಿಡಿಸುವ ಕ್ಲಚ್ ಮಾತ್ರ ಇರಲಿಲ್ಲ. ಚಳಿಗಾಲ ಬಂತೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಾರೆ ಕಳಚಬೇಕಿತ್ತು. ಕೆಲವೇ ಜನ ಕೊಂಡ ಆ ಸೌಲಭ್ಯವನ್ನು ಕಂಪನಿ ಬೇಗನೆ ಕೈಬಿಟ್ಟಿತು.

ಎರಡನೇ ಮಹಾಯುದ್ಧದಲ್ಲಿ ಪ್ಯಾಕಾರ್ಡ್ ಮಾಡಿದ ಕೆಲಸ ಅದರ ಚರಿತ್ರೆಯ ಅತ್ಯಂತ ಗೌರವದ ಅಧ್ಯಾಯ. ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದಲ್ಲಿ ತಯಾರಿಸುವ ಹೊಣೆಯನ್ನು 1940ರಲ್ಲಿ ಅದು ಹೊತ್ತಿತು. ನುರಿತ ಕುಶಲಕರ್ಮಿಗಳು ಕೈಯಿಂದ ಉಜ್ಜಿ ಹೊಂದಿಸುವುದನ್ನು ನಂಬಿದ್ದ ಬ್ರಿಟಿಷ್ ನಕ್ಷೆಗಳನ್ನು ಭಾರಿ ಪ್ರಮಾಣದ ಉತ್ಪಾದನೆಗೆ ಒಗ್ಗುವಂತೆ ಹೊಸದಾಗಿ ಬರೆಯಬೇಕಾಯಿತು. ಅಲ್ಲಿನ ತಿರುಪು ಮೊಳೆಗಳ ಸುರುಳಿಗೆರೆಯ (ಥ್ರೆಡ್) ಅಳತೆಯೂ ಅಮೆರಿಕದ್ದಕ್ಕಿಂತ ಬೇರೆ. ಒಂದು ದೇಶದ ಬಿಡಿಭಾಗ ಇನ್ನೊಂದು ದೇಶದ ಎಂಜಿನ್ನಿಗೆ ಕೂರಲೇಬೇಕಾದ್ದರಿಂದ ಆ ಅಳತೆಯನ್ನು ಬದಲಿಸದೆ, ಅದಕ್ಕೆ ಬೇಕಾದ ಉಪಕರಣಗಳನ್ನು ಪ್ಯಾಕಾರ್ಡ್ ತಾನೇ ಮಾಡಿಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಹೊರಬಂದ ಮರ್ಲಿನ್‌ಗಳು 55,000ಕ್ಕೂ ಹೆಚ್ಚು. ಅಮೆರಿಕದ ಮಸ್ಟಾಂಗ್, ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಮಾನಗಳು ಇವುಗಳಿಂದ ಹಾರಿದವು.

ಶಾಂತಿ ಬಂದ ಮೇಲೆ ಹೆಜ್ಜೆ ತಪ್ಪತೊಡಗಿತು. 1948ರ ಉಬ್ಬಿದ ಮೈಯ ಕಾರನ್ನು ಜನ ‘ಬಸುರಿ ಆನೆ’ ಎಂದು ಆಡಿಕೊಂಡರು. 1949ರಲ್ಲಿ ಕ್ಯಾಡಿಲ್ಯಾಕ್ ಹೊಸ ವಿ-8 ಎಂಜಿನ್ ತಂದರೆ, ಪ್ಯಾಕಾರ್ಡ್ 1954ರವರೆಗೂ ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಹಳೆಯ ವಿನ್ಯಾಸದಲ್ಲೇ ನಿಂತಿತು. ಆ ಎಂಜಿನ್ ನಯದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ, ಮಾಲೀಕರಿಂದ ದೂರೂ ಇರಲಿಲ್ಲ. ಹೊಸ ಗಿರಾಕಿಯ ಕಣ್ಣಿಗೆ ಮಾತ್ರ ಅದು ಮುದುಕರ ಕಾರಾಗಿತ್ತು. 1952ರಲ್ಲಿ ಬಂದ ಹೊಸ ಅಧ್ಯಕ್ಷ ಜೇಮ್ಸ್ ನಾನ್ಸ್ ಕಂಪನಿಗೆ ಚುರುಕು ಮುಟ್ಟಿಸಿದರು. ಅಷ್ಟರಲ್ಲಿ ಹೊರಗಿನಿಂದ ಪೆಟ್ಟು ಬಿತ್ತು. ಪ್ಯಾಕಾರ್ಡ್‌ಗೆ ಕಾರಿನ ಬಾಡಿ ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪನಿಯನ್ನು 1953ರ ಕೊನೆಗೆ ಪ್ರತಿಸ್ಪರ್ಧಿ ಕ್ರೈಸ್ಲರ್ ಕೊಂಡುಕೊಂಡಿತು. 1954ರಲ್ಲಿ ಪ್ಯಾಕಾರ್ಡ್ ಸೌತ್ ಬೆಂಡ್‌ನ ಸ್ಟುಡ್‌ಬೇಕರ್ ಕಂಪನಿಯನ್ನು ಕೂಡಿಸಿಕೊಂಡಿತು. ಹಿಂದೂಸ್ತಾನ್ ಮೋಟಾರ್ಸ್ ಭಾರತದಲ್ಲಿ ಜೋಡಿಸಿ ಮಾರುತ್ತಿದ್ದ ಸ್ಟುಡ್‌ಬೇಕರ್ ಕಾರು ಇದೇ ಕಂಪನಿಯದು. ಅದರ ನಷ್ಟ ಎಷ್ಟು ಆಳವಾಗಿತ್ತೆಂಬುದು ಸಂಬಂಧ ಕೂಡಿದ ಮೇಲೆ ತಿಳಿಯಿತು.

1955ರ ಪ್ಯಾಕಾರ್ಡ್ ಕಾಗದದ ಮೇಲೆ ಅದ್ಭುತ ಕಾರು. ಕೊನೆಗೂ ಸ್ವಂತ ವಿ-8 ಬಂದಿತ್ತು. ಸಸ್ಪೆನ್ಷನ್ ಇನ್ನೂ ವಿಶೇಷ: ಸಾಮಾನ್ಯ ಸ್ಪ್ರಿಂಗುಗಳ ಬದಲು ಮುಂಚಕ್ರದಿಂದ ಹಿಂಚಕ್ರದವರೆಗೆ ಕಾರಿನುದ್ದಕ್ಕೂ ಹಾಯ್ದ ಉಕ್ಕಿನ ಸರಳುಗಳು. ಮುಂಚಕ್ರ ಗುಂಡಿಗೆ ಇಳಿದರೆ ಆ ತಿರುಚು ಹಿಂಚಕ್ರಕ್ಕೂ ಹಂಚಿಹೋಗಿ, ಕಾರು ಕುಕ್ಕದೆ ಮಟ್ಟಸವಾಗಿ ದಾಟುತ್ತಿತ್ತು. ಹಿಂದೆ ಭಾರ ಹೇರಿದರೆ ಕೆಲವು ಕ್ಷಣಗಳಲ್ಲಿ ವಿದ್ಯುತ್ ಮೋಟಾರೊಂದು ಕಾರನ್ನು ಮತ್ತೆ ಮಟ್ಟಕ್ಕೆ ತರುತ್ತಿತ್ತು. ಓಡಿಸಿ ನೋಡಿದವರೆಲ್ಲ ಮೆಚ್ಚಿದರು. ಆದರೆ ಈ ಕಾರನ್ನು ಜೋಡಿಸಿದ್ದು ಡೆಟ್ರಾಯಿಟ್‌ನ ಕಾನರ್ ಅವೆನ್ಯೂದ ಇಕ್ಕಟ್ಟಾದ ಕಾರ್ಖಾನೆಯಲ್ಲಿ, ಅವಸರದಲ್ಲಿ. ಹೊಸ ಎಂಜಿನ್ನಿನ ಆಯಿಲ್ ಪಂಪು ಗಾಳಿ ಎಳೆದುಕೊಂಡು ವಾಲ್ವ್‌ಗಳು ಟಕಟಕ ಸದ್ದು ಮಾಡುತ್ತಿದ್ದವು. ಹೆಚ್ಚಿದ ಶಕ್ತಿಯನ್ನು ತಾಳದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಡುತ್ತಿತ್ತು. ಹೊಂದಿಕೆಯಿಲ್ಲದ ಬಾಗಿಲು, ಸೋರುವ ಸಂದುಗಳ ದೂರು ಬೇರೆ. ಆ ವರ್ಷ 55,000ದಷ್ಟು ಕಾರು ಹೊರಬಂದವು. 1956ರಲ್ಲಿ 29,000ಕ್ಕೂ ಕಡಿಮೆ. 1956ಕ್ಕೆ ಬಹುತೇಕ ದೋಷಗಳನ್ನು ತಿದ್ದಿದ್ದರೂ ಅದರಿಂದ ಪ್ರಯೋಜನವಾಗಲಿಲ್ಲ. ಕೊಂಡವರನ್ನು ಕೇಳಿ ಎಂದು ಅರ್ಧ ಶತಮಾನ ಹೇಳಿದ್ದ ಕಂಪನಿಯ ವಿಷಯದಲ್ಲಿ ಜನ ಕೇಳಿಯೇ ಇದ್ದರು, ಬಂದ ಉತ್ತರ ಒಳ್ಳೆಯದಾಗಿರಲಿಲ್ಲ.

1956ರ ಜೂನ್ 25ರಂದು ಡೆಟ್ರಾಯಿಟ್‌ನ ಕೊನೆಯ ಪ್ಯಾಕಾರ್ಡ್ ತಯಾರಾಯಿತು. ಮುಂದಿನ ಎರಡು ವರ್ಷ ಸೌತ್ ಬೆಂಡ್‌ನಲ್ಲಿ ಸ್ಟುಡ್‌ಬೇಕರ್ ಕಾರಿಗೇ ಅಲಂಕಾರ ಬದಲಿಸಿ ಪ್ಯಾಕಾರ್ಡ್ ಎಂಬ ಹೆಸರು ಹಚ್ಚಿ ಮಾರಿದರು. ನಿಷ್ಠಾವಂತ ಮಾಲೀಕರು ಅದನ್ನು ತಮ್ಮ ಬಳಗಕ್ಕೆ ಸೇರಿಸಿಕೊಳ್ಳಲಿಲ್ಲ. ‘ಪ್ಯಾಕಾರ್ಡ್‌ಬೇಕರ್’ ಎಂಬ ಅಡ್ಡಹೆಸರು ಅದಕ್ಕೆ ಅಂಟಿತು. 1958ರಲ್ಲಿ 2,622 ಕಾರುಗಳೊಂದಿಗೆ ತಯಾರಿಕೆ ನಿಂತಿತು. 1962ರಲ್ಲಿ ಜಂಟಿ ಕಂಪನಿಯ ಹೆಸರಿನಿಂದಲೂ ಪ್ಯಾಕಾರ್ಡ್ ಕಳಚಿಹೋಯಿತು. ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಹಳೆಯ ಕಾರ್ಖಾನೆ ದಶಕಗಳ ಕಾಲ ಪಾಳುಬಿದ್ದು, 2022ರಿಂದ ಅದರ ಬಹುಭಾಗವನ್ನು ಕೆಡವಲಾಯಿತು.

ಕಾರುಗಳು ಮಾತ್ರ ಇನ್ನೂ ಓಡುತ್ತಿವೆ. ವಾರೆನ್‌ನಲ್ಲೂ ಅದೇ ರಾಜ್ಯದ ಡೇಟನ್‌ನಲ್ಲೂ ಪ್ಯಾಕಾರ್ಡ್ ವಸ್ತುಸಂಗ್ರಹಾಲಯಗಳಿವೆ. ಮಾಲೀಕರ ಸಂಘಗಳು ಬಿಡಿಭಾಗ, ನಕ್ಷೆ, ಅನುಭವಗಳನ್ನು ಹಂಚಿಕೊಳ್ಳುತ್ತವೆ. 1930ರ ದಶಕದ ಹನ್ನೆರಡು ಸಿಲಿಂಡರಿನ ಕಾರಿಗೆ ಹರಾಜಿನಲ್ಲಿ ದೊಡ್ಡ ಬೆಲೆಯಿದೆ. ದೂರದ ಪ್ರಯಾಣಕ್ಕೆ ಒನ್ ಟ್ವೆಂಟಿ ಅಥವಾ ಯುದ್ಧಾನಂತರದ ಒಂಟಿಸಾಲು ಎಂಟು ಸಿಲಿಂಡರಿನ ಕಾರು ನಂಬಿಕಸ್ಥ ಎಂಬ ಮಾತಿದೆ. 1955, 56ರ ಕಾರು ಕೊಳ್ಳುವವರಿಗೆ ಬಲ್ಲವರು ಮೊದಲು ಹೇಳುವುದು ಆಯಿಲ್ ಪಂಪನ್ನೂ ಗೇರ್‌ಬಾಕ್ಸನ್ನೂ ಪರೀಕ್ಷಿಸಿ ಎಂದು. ಅವೆರಡನ್ನು ಸರಿಪಡಿಸಿಕೊಂಡರೆ, ಆ ಸಸ್ಪೆನ್ಷನ್ ಕೊಡುವ ಸುಖದ ಸವಾರಿ ಅದೇ ಕಾಲದ ಬೇರೆ ಅಮೆರಿಕನ್ ಕಾರುಗಳಲ್ಲಿ ಸಿಗುವುದಿಲ್ಲ ಎಂಬುದು ಅವರ ಅಭಿಪ್ರಾಯ.