ಬಾಣ ಎಲ್ಲಿ ನಾಟಿತು?

ಮಗು ತಪ್ಪು ಉತ್ತರ ಕೊಟ್ಟಾಗ ಯಂತ್ರ ಏನು ಹೇಳಬೇಕು? ಈ ಪ್ರಶ್ನೆಗೆ ಈಗ ಸುಮಾರು ನೂರು ವರ್ಷ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲಿ ನಾಲ್ಕು ಗುಂಡಿಗಳ ಒಂದು ಯಂತ್ರ ಮಾಡಿದರು. ಸರಿಯಾದ ಗುಂಡಿ ಒತ್ತುವವರೆಗೆ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಇಂತಿಷ್ಟು ಸರಿಯುತ್ತರಗಳಾದರೆ ಮಿಠಾಯಿ ಉದುರಿಸುವ ವ್ಯವಸ್ಥೆಯನ್ನೂ ಅದಕ್ಕೆ ಜೋಡಿಸಿದ್ದರು.

1953ರಲ್ಲಿ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತದ ತರಗತಿಗೆ ಹೋಗಿ ಕೂತರು. ಮಕ್ಕಳು ಲೆಕ್ಕ ಮಾಡುತ್ತಿದ್ದರು, ಆದರೆ ಮಾಡಿದ್ದು ಸರಿಯೋ ತಪ್ಪೋ ಎಂದು ಆಗಿಂದಾಗಲೇ ಅವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಸ್ಕಿನ್ನರ್ ರೂಪಿಸಿದ ಯಂತ್ರದಲ್ಲಿ ಮಗು ಅಂಕಿಗಳನ್ನು ಸರಿಸಿ ಉತ್ತರ ಕೂಡಿಸಿ, ಹಿಡಿಯೊಂದನ್ನು ತಿರುಗಿಸಬೇಕಿತ್ತು. ಉತ್ತರ ತಪ್ಪಾಗಿದ್ದರೆ ಹಿಡಿ ತಿರುಗದು. ಕಾಯುವುದು ತಪ್ಪಿತು. ಆದರೆ ತಿರುಗದ ಹಿಡಿ 'ತಪ್ಪು' ಎಂದಷ್ಟೇ ಹೇಳುತ್ತದೆ. ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಎಂದು ಹೇಳುವುದಿಲ್ಲ.

ಅದನ್ನು ಹೇಳಿದ್ದು ಒಂದು ಆಟ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಶುರುವಾದ ಪ್ಲೇಟೋ ಎಂಬ ಕಂಪ್ಯೂಟರ್ ಕಲಿಕೆಯ ವ್ಯವಸ್ಥೆಗೆ 1970ರ ದಶಕದಲ್ಲಿ ಕಿತ್ತಳೆ ಬಣ್ಣದಲ್ಲಿ ಬೆಳಗುವ ಪ್ಲಾಸ್ಮಾ ಪರದೆ ಬಂದಿತ್ತು. ಅದರ ಮೇಲೆ ಶರನ್ ಡಗ್‌ಡೇಲ್ ಮತ್ತು ಡೇವಿಡ್ ಕಿಬ್ಬಿ ಭಿನ್ನರಾಶಿ ಕಲಿಸಲು 'ಡಾರ್ಟ್ಸ್' ಎಂಬ ಆಟ ಮಾಡಿದರು. ನೆಟ್ಟಗೆ ನಿಂತ ಒಂದು ಸಂಖ್ಯಾರೇಖೆ, ಅದಕ್ಕೆ ಅಲ್ಲಲ್ಲಿ ಅಂಟಿದ ಬಲೂನುಗಳು. ಬಲೂನು ಇರುವ ಜಾಗ ಯಾವ ಸಂಖ್ಯೆ ಎಂದು ಮಗು ಊಹಿಸಿ ಟೈಪ್ ಮಾಡಬೇಕು. ಬಾಣ ಹಾರಿ, ಮಗು ಹೇಳಿದ ಸಂಖ್ಯೆ ಇರುವಲ್ಲಿಗೇ ಹೋಗಿ ನಾಟುತ್ತದೆ. ಊಹೆ ಸರಿಯಿದ್ದರೆ ಬಲೂನು ಒಡೆಯುತ್ತದೆ, ತಪ್ಪಿದ್ದರೆ ಬಾಣ ಅಲ್ಲೇ ಉಳಿಯುತ್ತದೆ.

ಬಲೂನು ಅರ್ಧದ ಹತ್ತಿರ ಇದೆ ಎಂದುಕೊಳ್ಳಿ. ಮಗು 1/3 ಎನ್ನುತ್ತದೆ. ಬಾಣ ಬಲೂನಿನ ಕೆಳಗೆ ನಾಟುತ್ತದೆ. ಇನ್ನೂ ದೊಡ್ಡದು ಬೇಕು, ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಮಗು 1/4 ಎನ್ನುತ್ತದೆ. ಬಾಣ ಇನ್ನೂ ಕೆಳಗೆ! ಭಿನ್ನರಾಶಿಯಲ್ಲಿ ಮಕ್ಕಳು ಎಡವುವ ಜಾಗವೇ ಅದು. ಯಾರೂ ಗದರಲಿಲ್ಲ, ಯಾರೂ ವಿವರಿಸಲಿಲ್ಲ. ತನ್ನ ತಿಳಿವಳಿಕೆ ಎಲ್ಲಿ ಕೆಟ್ಟಿದೆ ಎಂಬುದು ಮಗುವಿನ ಕಣ್ಣೆದುರಿಗೇ ಇದೆ. ಮುಂದಿನ ಊಹೆಗೆ ದಾರಿಯೂ ಅಲ್ಲೇ ಇದೆ.

ಇದೇ ಆಟವನ್ನು ಥಾಮಸ್ ಮ್ಯಾಲೋನ್ ತಮ್ಮ 1980ರ ಅಧ್ಯಯನಕ್ಕೆ ಎತ್ತಿಕೊಂಡರು. ಸಂಗೀತ, ಅಂಕ, ಬಲೂನು ಒಡೆಯುವ ಕಲ್ಪನೆ ಮುಂತಾದವನ್ನು ಒಂದೊಂದಾಗಿ ತೆಗೆದು ಹಲವು ರೂಪಗಳನ್ನು ಮಾಡಿ ಮಕ್ಕಳ ಮುಂದಿಟ್ಟರು. ಬಾಣ ಬಲೂನು ಒಡೆಯುವುದು ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಅಂದರೆ ಅಲಂಕಾರ ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ. ಮರುಮಾತು ಕುತೂಹಲ ಕೆರಳಿಸಬೇಕು, ಜೊತೆಗೆ ತಿದ್ದಿಕೊಳ್ಳಲು ನೆರವಾಗಬೇಕು ಎಂಬುದು ಮ್ಯಾಲೋನ್ ಒತ್ತಿಹೇಳಿದ ಮಾತು.

ಇವತ್ತು ಮಕ್ಕಳ ಕೈಯಲ್ಲಿರುವ ಎಷ್ಟೋ ಕಲಿಕೆಯ ಆ್ಯಪ್‌ಗಳಲ್ಲಿ ಸರಿಯುತ್ತರಕ್ಕೆ ನಕ್ಷತ್ರಗಳ ಮಳೆ, ತಪ್ಪಿಗೆ ಒಂದು ಕೆಂಪು ಗುರುತು. ಪ್ರೆಸ್ಸಿಯ ಮಿಠಾಯಿಗೂ ಈ ನಕ್ಷತ್ರಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕೆಂಪು ಗುರುತು ಕಂಡ ಮಗು ಉಳಿದ ಮೂರು ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತದೆ, ಕೊನೆಗೆ ನಕ್ಷತ್ರವೂ ಸಿಗುತ್ತದೆ, ಭಿನ್ನರಾಶಿ ಮಾತ್ರ ಅರ್ಥವಾಗಿರುವುದಿಲ್ಲ. ಮನೆಯ ಮಗುವಿಗೆ ಆ್ಯಪ್ ಆರಿಸುವವರು ಒಮ್ಮೆ ಬೇಕೆಂದೇ ತಪ್ಪು ಉತ್ತರ ಕೊಟ್ಟು ನೋಡಬೇಕು. ಆಗ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದರಲ್ಲೇ ಆ ಆಟದ ಯೋಗ್ಯತೆ ಗೊತ್ತಾಗುತ್ತದೆ.