ಬೇರೆ ರಾಜ್ಯಕ್ಕೆ ಬಂದ ಮೇಲೆ ರಕ್ಷಣಾ ಆದೇಶ: ಮತ್ತೆ ನೋಂದಾಯಿಸಬೇಕೇ?

ಗಡಿ ಭಾಗದ ನಮ್ಮ ಮನೆಗಳಲ್ಲಿ ಹೆಣ್ಣು ಕೊಡುವುದು, ತರುವುದು ರಾಜ್ಯದ ಗೆರೆ ನೋಡಿ ನಡೆದದ್ದಲ್ಲ. ಜತ್ತದ ಸೊಸೆಯ ತವರು ವಿಜಯಪುರದಲ್ಲಿ, ಅಕ್ಕಲಕೋಟೆಯವಳದು ಆಳಂದದಲ್ಲಿ, ತಾಳವಾಡಿಯವಳದು ಚಾಮರಾಜನಗರದಲ್ಲಿ ಇರುವುದು ಸಾಮಾನ್ಯ. ಗಂಡನ ಊರಿನ ಕೋರ್ಟಿನಲ್ಲಿ ರಕ್ಷಣಾ ಆದೇಶ ಪಡೆದು ತವರಿಗೆ ಬಂದ ಹೆಣ್ಣುಮಗಳಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಆ ರಾಜ್ಯದ ಆದೇಶ ಇಲ್ಲಿ ನಡೆಯುತ್ತದೆಯೇ? ಇಲ್ಲಿಯೂ ನೋಂದಾಯಿಸಬೇಕೇ?

ನಡೆಯುತ್ತದೆ. ನೋಂದಾಯಿಸಬೇಕಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಕೇಂದ್ರದ ಕಾಯ್ದೆ. ಅದರ 27ನೇ ಕಲಮಿನ ಪ್ರಕಾರ ಈ ಕಾಯ್ದೆಯಡಿ ಕೊಟ್ಟ ಯಾವುದೇ ಆದೇಶವನ್ನು ದೇಶದ ಎಲ್ಲಿಯಾದರೂ ಜಾರಿ ಮಾಡಬಹುದು. ಆದೇಶ ಹಳೆಯದಾಯಿತು ಎಂಬ ಮಾತಿಗೂ ಅರ್ಥವಿಲ್ಲ. ತನಗೆ ಇನ್ನು ಬೇಡವೆಂದು ಆಕೆಯೇ ಅರ್ಜಿ ಕೊಟ್ಟು ರದ್ದು ಮಾಡಿಸುವವರೆಗೆ ರಕ್ಷಣಾ ಆದೇಶ ಜಾರಿಯಲ್ಲಿರುತ್ತದೆ ಎಂದು 25ನೇ ಕಲಂ ಹೇಳುತ್ತದೆ. ಮಧ್ಯಂತರ ಆದೇಶದ ಮಾತು ಬೇರೆ. ಅದು ಮೂಲ ಅರ್ಜಿಗೆ ಅಂಟಿಕೊಂಡಿರುತ್ತದೆ. ದೂರ ಬಂದೆನೆಂದು ವಾಯಿದೆಗಳಿಗೆ ಹೋಗದೆ ಅರ್ಜಿ ವಜಾ ಆದರೆ ಆದೇಶವೂ ಹೋಗುತ್ತದೆ. ಹಾಗಾಗಿ ಅಲ್ಲಿನ ವಕೀಲರ ಸಂಪರ್ಕ ಬಿಡಬೇಡಿ.

ತೊಡಕು ಇರುವುದು ಠಾಣೆಯಲ್ಲಿ. ಆದೇಶವಾದಾಗ ಕೋರ್ಟು ಅದರ ಪ್ರತಿಯನ್ನು ಎರಡೂ ಕಡೆಯವರಿಗೆ ಮತ್ತು ತನ್ನ ವ್ಯಾಪ್ತಿಯ ಪೊಲೀಸ್ ಠಾಣೆಗೆ ಕಳಿಸುತ್ತದೆ. ಸೊಲ್ಲಾಪುರದ ಆದೇಶ ಇಂಡಿ ಠಾಣೆಗೆ ತಾನಾಗಿ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಗಂಡ ತವರಿನ ಬಾಗಿಲು ಬಡಿದಾಗ, ಇಂಥದೊಂದು ಆದೇಶ ಇದೆ ಎಂಬುದೇ ಇಲ್ಲಿನ ಪೊಲೀಸರಿಗೆ ಗೊತ್ತಿರುವುದಿಲ್ಲ. ‘ಅದು ಮಹಾರಾಷ್ಟ್ರದ್ದಮ್ಮಾ, ಅಲ್ಲಿಗೇ ಹೋಗಿ’ ಎಂಬ ಉತ್ತರ ಬಂದರೆ ಆ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ಯಾರಿಗಿರುತ್ತದೆ?

ಆದ್ದರಿಂದ ಊರು ಬಿಡುವ ಮೊದಲೇ ಕೋರ್ಟಿನಿಂದ ದೃಢೀಕೃತ ಪ್ರತಿ ಪಡೆಯಿರಿ. 24ನೇ ಕಲಮಿನಂತೆ ಇದು ಉಚಿತ. ಬಿಟ್ಟು ಬಂದಿದ್ದರೆ ವಕೀಲರ ಮೂಲಕ ತರಿಸಿಕೊಳ್ಳಿ. ಆದೇಶ ಮರಾಠಿ, ತಮಿಳು ಅಥವಾ ತೆಲುಗಿನಲ್ಲಿದ್ದರೆ ಕನ್ನಡ ಅನುವಾದವೊಂದನ್ನು ಜೊತೆಗಿಡಿ. ಕಾನೂನು ಅದನ್ನು ಕೇಳುವುದಿಲ್ಲ, ಆದರೆ ಠಾಣೆಯಲ್ಲಿ ಕೂತವರು ಓದಬಲ್ಲಂತಿರಬೇಕು. ಪ್ರಕರಣದ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಪ್ರಕರಣದ ವಿವರ ಸಿಗುತ್ತದೆ, ಪೊಲೀಸರೂ ನೋಡಬಹುದು. ಇವನ್ನೆಲ್ಲ ಒಂದು ಮನವಿ ಪತ್ರದ ಜೊತೆ ಹೊಸ ಊರಿನ ಠಾಣೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸಂರಕ್ಷಣಾಧಿಕಾರಿಗೂ ಒಂದು ಪ್ರತಿ ಕೊಡಿ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಅವರು ಯಾರೆಂದು ತಿಳಿಯುತ್ತದೆ.

ಆದೇಶ ಮೀರುವುದು 31ನೇ ಕಲಮಿನಡಿ ಅಪರಾಧ. ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಆಕೆಯೊಬ್ಬಳ ಸಾಕ್ಷ್ಯದ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದು. ಆತ ತವರೂರಿಗೇ ಬಂದು ಮೀರಿದರೆ ಅಪರಾಧ ನಡೆದದ್ದು ಇಲ್ಲಿಯೇ, ಇಲ್ಲಿನ ಠಾಣೆ ದೂರು ತೆಗೆದುಕೊಳ್ಳಬೇಕು. ವ್ಯಾಪ್ತಿಯ ಮಾತು ಬಂದರೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಿಕೊಳ್ಳಬೇಕು. ಇದನ್ನೇ ಜೀರೋ ಎಫ್ಐಆರ್ ಎನ್ನುವುದು. ವಿಚಾರಣೆ ಮಾತ್ರ ಸಾಧ್ಯವಾದಷ್ಟೂ ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯಬೇಕು ಎಂದಿದೆ. ಅಂದರೆ ಅಲ್ಲಿಗೆ ಓಡಾಟ ತಪ್ಪದಿರಬಹುದು, ಇದನ್ನು ತಿಳಿದೇ ಹೊರಡಿ.

ಆದೇಶದಲ್ಲಿ ಹೆಸರಿಸಿದ ಕೆಲಸದ ಜಾಗ, ಮಕ್ಕಳ ಶಾಲೆ ಈಗ ಬದಲಾಗಿದ್ದರೆ ಅದನ್ನು ತಿದ್ದುಪಡಿ ಮಾಡಿಸಬಹುದು. ಆದರೆ ಆ ಅರ್ಜಿಯ ಪ್ರತಿ ಗಂಡನ ಕೈಗೂ ಹೋಗುತ್ತದೆ. ಹೊಸ ವಿಳಾಸ ಆತನಿಗೆ ಗೊತ್ತಿಲ್ಲದಿದ್ದರೆ, ಅದನ್ನು ಕಾಗದದ ಮೇಲೆ ಬರೆಯುವ ಮುನ್ನ ವಕೀಲರ ಜೊತೆ ಮಾತಾಡಿ. ಶಾಲೆಯ ಹೆಸರು ಸೇರಿಸುವುದಕ್ಕಿಂತ ವಿಳಾಸ ಗುಟ್ಟಾಗಿರುವುದು ಎಷ್ಟೋ ಸಲ ಹೆಚ್ಚಿನ ರಕ್ಷಣೆ.

ಇನ್ನೂ ಆದೇಶವನ್ನೇ ಪಡೆಯದೆ ಬಂದವರೂ ಇದ್ದಾರೆ. ಅವರು ಗಂಡನ ಊರಿಗೆ ಮರಳಬೇಕಿಲ್ಲ. ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಬೆಂಗಳೂರಿನ ತವರಿನಲ್ಲಿದ್ದ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಅಲ್ಲಿನ ಕೋರ್ಟಿಗೆ ಅಧಿಕಾರವಿದೆ ಎಂದು ಒಪ್ಪಿದೆ.

ವಕೀಲರ ಖರ್ಚಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಂಖ್ಯೆ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112.