ಗೊತ್ತಿದ್ದ ಕಥೆಗೆ ಕೂತ ಮಂದಿ

ಪಾರಿಜಾತದ ಆಟಕ್ಕೆ ಬಂದು ಕೂಡುವ ನಮ್ಮ ಭಾಗದ ಮಂದಿಗೆ ಕಥೆ ಮೊದಲೇ ಗೊತ್ತಿರುತ್ತದೆ. ನಾರದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ, ಕಡೆಗೆ ಎಲ್ಲ ಸರಿಹೋಗುತ್ತದೆ. ಮುಂದ ಏನಾಗ್ತದ ಅಂತ ಯಾರೂ ಕೇಳುವುದಿಲ್ಲ. ಆದರೂ ಚಾದರ ಹೊದ್ದು ಬೆಳಗು ಹರಿಯುವತನಕ ಕೂಡುತ್ತಾರೆ. ಅಪರಾಳ ತಮ್ಮಣ್ಣ ಕಟ್ಟಿದ ಆಟವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತಿದ್ದಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲೂಕಿನಲ್ಲಿದೆ. ಇಂಥ ನೆಲದಲ್ಲಿ ಹುಟ್ಟಿದ ನಾವು, ಒಂದು ಸಿನಿಮಾದ ಬಗ್ಗೆ ‘ಕಣ್ಣಿಗೆ ಹಬ್ಬ, ಕಥೆ ಮಾತ್ರ ಹಳೇದು’ ಎಂದು ಪಟ್ಟಣದ ವಿಮರ್ಶಕರು ದೂರಿದರೆ ಸ್ವಲ್ಪ ಅನುಮಾನದಿಂದಲೇ ಕೇಳುತ್ತೇವೆ.

ನಾವು ಹೇಳುತ್ತಿರುವುದು ಜೇಮ್ಸ್ ಕ್ಯಾಮರೂನನ ‘ಅವತಾರ್’ ಬಗ್ಗೆ. 2009ರ ಡಿಸೆಂಬರ್ 18ರಂದು ತೆರೆಕಂಡ ಈ ಚಿತ್ರ ಆರೇಳು ವಾರದೊಳಗೆ ಇನ್ನೂರು ಕೋಟಿ ಡಾಲರ್ ದಾಟಿತು. ಅಷ್ಟು ಗಳಿಸಿದ ಚಿತ್ರ ಅದಕ್ಕಿಂತ ಮೊದಲು ಇರಲಿಲ್ಲ. ಪಂಡೋರಾ ಎಂಬ ದೂರದ ಲೋಕ, ಅಲ್ಲಿ ನೀಲಿ ಮೈಯ ನಾವಿ ಎಂಬ ಕಾಡಿನ ಜನ, ಅವರು ವಾಸವಿರುವ ದೊಡ್ಡ ಮರದ ಬುಡದಲ್ಲಿ ಬೆಲೆಬಾಳುವ ಖನಿಜ. ಅದನ್ನು ತೋಡಲು ಭೂಮಿಯಿಂದ ಬಂದ ಕಂಪನಿ, ಕಂಪನಿಯ ಹಿಂದೆ ಬಂದೂಕು. ಕಾಲು ಸ್ವಾಧೀನವಿಲ್ಲದ ಜೇಕ್ ಎಂಬ ಮಾಜಿ ಸೈನಿಕ ಯಂತ್ರದ ನೆರವಿನಿಂದ ನೀಲಿ ಮೈಯೊಂದನ್ನು ಹೊಕ್ಕು ಬೇಹುಗಾರಿಕೆಗೆ ಹೋಗುತ್ತಾನೆ, ಅವರ ಹೆಣ್ಣನ್ನು ಪ್ರೀತಿಸುತ್ತಾನೆ, ಕಡೆಗೆ ಅವರ ಪರ ನಿಂತು ಕಂಪನಿಯನ್ನು ಓಡಿಸುತ್ತಾನೆ. ಮೊದಲ ಅರ್ಧ ತಾಸಿನಲ್ಲೇ ಉಳಿದದ್ದನ್ನು ಯಾರು ಬೇಕಾದರೂ ಹೇಳಿಬಿಡಬಹುದು. 1990ರ ‘ಡಾನ್ಸಸ್ ವಿತ್ ವೂಲ್ವ್ಸ್’ ಚಿತ್ರಕ್ಕೇ ನೀಲಿ ಬಣ್ಣ ಹಚ್ಚಿದ್ದಾರೆ ಎಂದು ಬರೆದವರು ಬಹಳ. ಆಸ್ಕರ್ ಕೊಡುವವರೂ ಛಾಯಾಗ್ರಹಣ, ಕಲಾನಿರ್ದೇಶನ, ದೃಶ್ಯ ಪರಿಣಾಮಕ್ಕೆ ಮೂರು ಪ್ರಶಸ್ತಿ ಕೊಟ್ಟು ಸುಮ್ಮನಾದರು.

ಕಣ್ಣು ಕಟ್ಟಿಸುವ ಆಟಕ್ಕೂ ಗೊತ್ತಿದ್ದ ಕಥೆಗೂ ನಂಟು ಇವತ್ತಿನದಲ್ಲ. ಫಾಲ್ಕೆಯವರ ‘ಲಂಕಾ ದಹನ’ 1917ರಲ್ಲಿ ಬಂದಾಗ ಲಂಕೆ ಸುಡುವುದು ಯಾರಿಗೆ ಗೊತ್ತಿರಲಿಲ್ಲ? ಆದರೂ ಮಂದಿ ಮುಗಿಬಿದ್ದರು, ಪರದೆಯ ಮೇಲೆ ರಾಮ ಬಂದಾಗ ಕೈಮುಗಿದರು. ಆ ರಾಮನೂ ಸೀತೆಯೂ ಸಾಳುಂಕೆ ಎಂಬ ಒಬ್ಬನೇ ನಟ! ಮಾಯೆ ಅಂದರೆ ಹೀಂಗ ಇರಬೇಕು ನೋಡ್ರಿ.

‘ಅವತಾರ’ ಅನ್ನೋದು ನಮ್ಮದೇ ಮಾತು. ಆದರೆ 2009ರಲ್ಲಿ ಆ ಚಿತ್ರ ಹಿಂದಿ, ತಮಿಳು, ತೆಲುಗು ಮಾತಾಡಿತು, ಕನ್ನಡ ಮಾತಾಡಲಿಲ್ಲ. ಅರವತ್ತರ ದಶಕದಿಂದಲೂ ಕನ್ನಡ ಚಿತ್ರೋದ್ಯಮ ಡಬ್ಬಿಂಗಿಗೆ ಬಾಗಿಲು ಹಾಕಿತ್ತು. ಕಾನೂನಿನಲ್ಲಿ ಆ ನಿಷೇಧ ಎಲ್ಲೂ ಇರಲಿಲ್ಲ. ಗೋಕಾಕ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ವಿ.ಕೃ. ಗೋಕಾಕರ ವರದಿ, 1982ರ ಚಳವಳಿ. ಭಾಷೆಯ ಅಭಿಮಾನ ನಮಗೂ ಕಡಿಮೆ ಇಲ್ಲ. ಆದರೆ ಇಂಗ್ಲಿಷ್ ಬಲ್ಲವನು ಬೆಳಗಾವಿಗೆ ಹೋಗಿ ಕನ್ನಡಕ ಹಾಕಿಕೊಂಡು ನೋಡಿಬಂದ, ಕೂಲಿಕಾರನ ಮಗ ಆಮೇಲೆ ಟಿವಿಯಲ್ಲಿ ಹಿಂದಿಯಲ್ಲಿ ನೋಡಿದ. ಹೀಗಾದಾಗ ಈ ಅಭಿಮಾನ ಉಳಿಸಿದ್ದು ಯಾರನ್ನು ಎಂದು ಕೇಳಬೇಕಾಗುತ್ತದೆ. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದು ಹೇಳಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಬರತೊಡಗಿದವು. 2022ರ ಡಿಸೆಂಬರಿನಲ್ಲಿ ಎರಡನೆಯ ‘ಅವತಾರ್’ ಕನ್ನಡದಲ್ಲೇ ಬಂತು.

ಕಥೆ ಹಳೆಯದೆಂದು ಆಕಳಿಸಿದವರ ಮಾತು ಬಿಡೋಣ. ಪಂಡೋರಾದಂಥ ಲೋಕ ನಿಜವಾಗಿ ಇಲ್ಲವಲ್ಲ ಎಂದು ಮಂಕಾದ ಪ್ರೇಕ್ಷಕರೂ ಇದ್ದರಂತೆ, ಅವರ ದುಃಖ ಅವರಿಗೆ. ನಮಗೆ ಮುಖ್ಯವಾದವರು ಬೇರೆ. ಚೀನಾದಲ್ಲಿ ಮನೆ ಕೆಡವಿಸಿಕೊಂಡವರ ಸಂಕಟ ಗೊತ್ತಿದ್ದವರು, ಇದು ನಮ್ಮದೇ ಕಥೆ ಅಂದರು. ಪ್ಯಾಲೆಸ್ತೀನಿನ ಬಿಲಿನ್ ಎಂಬ ಹಳ್ಳಿಯ ಜನ 2010ರ ಫೆಬ್ರವರಿಯಲ್ಲಿ ಮೈಗೆ ನೀಲಿ ಬಳಿದುಕೊಂಡು, ತಮ್ಮ ಹೊಲ ನುಂಗಿದ ಬೇಲಿಯ ಮುಂದೆ ನಿಂತರು, ಅಶ್ರುವಾಯು ತಿಂದರು. ಅದೇ ತಿಂಗಳು ಒಡಿಶಾದ ನಿಯಮಗಿರಿಯ ಡೋಂಗ್ರಿಯಾ ಕೊಂಧರ ಪರವಾಗಿ ಅಮೆರಿಕದ ಸಿನಿಮಾ ಪತ್ರಿಕೆಯೊಂದರಲ್ಲಿ ಕ್ಯಾಮರೂನನಿಗೆ ಮನವಿ ಪ್ರಕಟವಾಯಿತು. ಅವರ ಗುಡ್ಡದ ತಲೆಯ ಮೇಲೆ ಬಾಕ್ಸೈಟ್ ಇತ್ತು, ಅದರ ಮೇಲೆ ವೇದಾಂತ ಕಂಪನಿಯ ಕಣ್ಣಿತ್ತು. ಇವರಿಗೆಲ್ಲ ಕಥೆ ಗೊತ್ತಿದ್ದದ್ದು ಸಿನಿಮಾ ನೋಡಿ ಅಲ್ಲ.

ನಮ್ಮಲ್ಲಿಯೂ ಗೊತ್ತಿದ್ದವರಿದ್ದಾರೆ. ಗೋಕಾಕ ಫಾಲ್ಸಿನ ಗಿರಣಿ 1885ರದು. ಘಟಪ್ರಭೆಯ ಧುಮುಕುವ ನೀರೇ ಅದರ ಯಂತ್ರಗಳನ್ನು ತಿರುಗಿಸಿತು. ಅದೇ ಹೊಳಿಗೆ ಧೂಪದಾಳದಲ್ಲಿ 1897ರಲ್ಲಿ ಒಡ್ಡು ಬಿತ್ತು, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 1977ರಲ್ಲಿ ದೊಡ್ಡ ಅಣೆಕಟ್ಟು ಮುಗಿಯಿತು. 51 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರಿನಿಂದ ಕೆಳಗಿನ ಹೊಲಗಳು ಹಸುರಾದವು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು. ಇದು ಸುಳ್ಳಲ್ಲ, ಅಲ್ಲಗಳೆಯುವುದೂ ಇಲ್ಲ. ಆದರೆ ನೀರು ನಿಂತ ಜಾಗದಲ್ಲಿ ಊರುಗಳಿದ್ದವು. ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರು ಇಟ್ಟರು, ಮುಳುಗಿದವರ ಹೆಸರು ಯಾವ ಕಲ್ಲಿನ ಮೇಲೂ ನಾವು ಕಂಡಿಲ್ಲ. ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರ. ಹೊಲವೇ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ದುಡಿದ ಕೇರಿಯವನು ಸರಕಾರಿ ಕಾಗದದಲ್ಲಿ ಏನು ಕಳಕೊಂಡ? ಏನೂ ಇಲ್ಲ! ಪಂಡೋರಾದ ಮರ ಉರುಳುವ ದೃಶ್ಯದಲ್ಲಿ ನಮ್ಮ ಜೊತೆ ನೋಡುತ್ತಿದ್ದ ಮುಳುಗಡೆ ಊರಿನ ಹಿರಿಯರೊಬ್ಬರು ಮಾತಾಡಲಿಲ್ಲ. ಕಡೆಗೆ ನೀಲಿ ಜನ ಗೆದ್ದಾಗ ಮಾತ್ರ ಸಣ್ಣಗೆ ನಕ್ಕು, “ಇದಷ್ಟ ಸುಳ್ಳ ನೋಡ” ಅಂದರು. ವಿಮರ್ಶಕರು ಮೊದಲೇ ಊಹಿಸಿದ್ದ ಕೊನೆಯೇ ಇವರಿಗೆ ಊಹಿಸಲಾಗದ ಕೊನೆಯಾಗಿತ್ತು.

ಇನ್ನು ನಮ್ಮ ತಕರಾರು. ನೀಲಿ ಜನ ಗೆಲ್ಲಲು ಜೇಕ್ ಯಾಕೆ ಬೇಕು? ಅವರು ಹುಟ್ಟಿದಾಗಿಂದ ಬಲ್ಲ ಕಾಡನ್ನು ಅವನು ಮೂರು ತಿಂಗಳಲ್ಲಿ ಕಲಿಯುತ್ತಾನೆ, ಅವರು ಹೆದರುವ ದೊಡ್ಡ ಹಕ್ಕಿಯನ್ನು ಹತ್ತಿ ಅವರ ನಾಯಕನಾಗುತ್ತಾನೆ. ನಮ್ಮ ಮೈ ಹೊಕ್ಕು ನಮ್ಮ ಪರ ಮಾತಾಡುವವರನ್ನು ನಾವೂ ಕಂಡಿದ್ದೇವೆ. ಬಯಲಾಟದಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು, ಚಲೋನ ಮಾಡುತ್ತಿದ್ದರು. ಆದರೆ ಕೌಜಲಗಿ ನಿಂಗಮ್ಮ ಪಾರಿಜಾತಕ್ಕೆ ಬಂದ ಮೇಲೆ ಅದೇ ಹಳೆಯ ಕಥೆ, ಅದೇ ಹಾಡು ಬೇರೆಯಾಗಿ ಕೇಳಿಸಿದವು. ಕಥೆ ಬದಲಾಗಿರಲಿಲ್ಲ. ಸತ್ಯಭಾಮೆಯ ಸಿಟ್ಟನ್ನು ಒಬ್ಬ ಹೆಂಗಸು ತನ್ನ ಬಾಯಿಂದ ಆಡಿದ್ದಳು. ಹಾಲಿವುಡ್ಡಿನ ಕಥೆ ಹಳೇದು ಎಂಬುದಕ್ಕಿಂತ, ಅದರಲ್ಲಿ ಮಾತಾಡುವ ಬಾಯಿ ಹಳೇದು ಎಂಬುದೇ ನಮಗೆ ಚುಚ್ಚುತ್ತದೆ.

ನಿಯಮಗಿರಿಗೆ ಯಾವ ಜೇಕನೂ ಬರಲಿಲ್ಲ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನು ಕೇಳಿರಿ ಅಂದಿತು. ಹನ್ನೆರಡು ಹಳ್ಳಿಯ ಸಭೆಗಳು ಕೂಡಿದವು, ಹನ್ನೆರಡೂ ಗಣಿ ಬೇಡ ಅಂದವು. ಕಾಡಿನ ಹೆಣ್ಣುಮಕ್ಕಳು ನ್ಯಾಯಾಧೀಶರ ಮುಂದೆ ತಮ್ಮ ಕುವಿ ಮಾತಿನಲ್ಲೇ ಹೇಳಿದರು. ಕ್ಯಾಮರೂನ್ ಖುದ್ದಾಗಿ ಹೋಗಿ ವಿರೋಧಿಸಿದ ಬ್ರೆಜಿಲಿನ ಬೆಲೊ ಮೊಂಟೆ ಅಣೆಕಟ್ಟು ಮಾತ್ರ ನಿಲ್ಲಲಿಲ್ಲ, 2016ರಲ್ಲಿ ವಿದ್ಯುತ್ ಕೊಡಲು ಸುರುವಾಯಿತು.

ಬೇಸಗೆಯಲ್ಲಿ ಹಿಡಕಲ್ಲಿನ ನೀರು ತಳಕ್ಕೆ ಇಳಿದರೆ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ. ಮಂದಿ ಬುತ್ತಿ ಕಟ್ಟಿಕೊಂಡು ನೋಡಾಕ ಹೋಗುತ್ತಾರೆ, ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಕಲ್ಲಿನ ಗುಡಿ ನೀರಿನಲ್ಲಿ ನಿಂತಿತು, ಕೇರಿಯ ಮಣ್ಣಿನ ಗೋಡೆ ಕರಗಿಹೋಯಿತು. ಹುಕ್ಕೇರಿ ಭಾಗದ ಮಾಸ್ತರ ಗೆಳೆಯರು ಮುಂದಿನ ಬೇಸಗೆಯಲ್ಲಿ ಹುಡುಗರನ್ನು ಅಲ್ಲಿಗೆ ಕರೆದೊಯ್ಯುವಾಗ ಆ ಊರುಗಳಲ್ಲಿ ಹುಟ್ಟಿದ ಮುದುಕರನ್ನೂ ಜೊತೆಗೆ ಕರಕೊಂಡು ಹೋಗಲಿ. ಗುಡಿಯಿಂದ ಕೇರಿ ಎಷ್ಟು ದೂರ ಇತ್ತು, ಬಾವಿ ಯಾವ ಕಡೆ ಇತ್ತು, ಯಾರು ಯಾವ ಬಾವಿಯ ನೀರು ಸೇದುತ್ತಿದ್ದರು ಎಂದು ಕೇಳಿ ಬರಕೊಳ್ಳಲಿ.